ತತ್ವಶಾಸ್ತ್ರದ ಪಾಠಪಟ್ಟಿ: ನಾಗಾವಿಯಿಂದ ಹುಣಸಗಿಗೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸೀಮೆಯಲ್ಲಿ ಹುಣಸಗಿ ಎಂಬ ಊರಿದೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಬಂದ ಮೇಲೆ ಇಲ್ಲಿನ ಎರೆಹೊಲಗಳಲ್ಲಿ ಭತ್ತ ಕಾಣಿಸಿಕೊಂಡಿತು. 2018ರಿಂದ ಇದು ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಕರ್ನಾಟಕದ ಎಷ್ಟೋ ಜನ ಇದರ ಹೆಸರನ್ನು ಕೇಳಿರಲಾರರು. ಆದರೆ ಆದಿಮಾನವನ ಇತಿಹಾಸವನ್ನು ಅಭ್ಯಾಸ ಮಾಡುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಹುಣಸಗಿ–ಬೈಚಬಾಳ ಕಣಿವೆಯನ್ನು ಬಲ್ಲರು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು 1970ರ ದಶಕದಿಂದ ಈ ಕಣಿವೆಯಲ್ಲಿ ಅಡ್ಡಾಡಿ ಹಳೆಯ ಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಸಮೀಪದ ಇಸಾಂಪುರದಲ್ಲಿ 1997ರಿಂದ ಕೆಲವು ವರ್ಷ ನಡೆದ ಉತ್ಖನನದಲ್ಲಿ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ಆ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದೆಂಬ ಅಂದಾಜು ಬಂತು.

ಇಸಾಂಪುರದ ಕಲ್ಲುಗಳನ್ನು ನೋಡಿದವರಿಗೆ ಒಂದು ಪ್ರಶ್ನೆ ಏಳುತ್ತದೆ. ತಕ್ಕ ದಪ್ಪದ ಹಾಸನ್ನು ಆರಿಸಿ, ಅಂಚನ್ನು ಕೆತ್ತಿ, ಬೇಕಾದ ಆಕಾರ ಬರುವವರೆಗೆ ಪೆಟ್ಟು ಕೊಟ್ಟ ಆ ಜೀವಿಯ ತಲೆಯಲ್ಲಿ ಮೊದಲೇ ಒಂದು ಯೋಜನೆ ಇತ್ತೇ? ಇತ್ತು ಎಂದು ಹೇಳುವುದಾದರೆ ಯಾವ ಆಧಾರದ ಮೇಲೆ? ಕಲ್ಲು ಕಣ್ಣಿಗೆ ಕಾಣುತ್ತದೆ, ಯೋಜನೆ ಕಾಣುವುದಿಲ್ಲ. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದಕ್ಕೆ ನಮ್ಮ ತಾರ್ಕಿಕರು ಅನುಮಾನ ಎಂದು ಹೆಸರಿಟ್ಟರು. ಹೊಗೆಯನ್ನು ಕಂಡು ಗುಡ್ಡದ ಮೇಲೆ ಬೆಂಕಿಯಿದೆ ಎನ್ನುವುದು ಅವರ ಪ್ರಸಿದ್ಧ ದೃಷ್ಟಾಂತ. ಹೊಗೆ ಇರುವಲ್ಲೆಲ್ಲ ಬೆಂಕಿ ಇರುವುದನ್ನು ಅಡುಗೆ ಮನೆಯಲ್ಲೇ ನೋಡಿರುತ್ತೇವೆ. ಆದರೆ ಕೆತ್ತಿದ ಕಲ್ಲು ಇರುವಲ್ಲೆಲ್ಲ ಯೋಚಿಸುವ ಮನಸ್ಸು ಇತ್ತೆಂಬುದನ್ನು ಎಲ್ಲಿ ನೋಡಿದ್ದೇವೆ? ಪುರಾತತ್ವದಿಂದ ಹೊರಟ ಪ್ರಶ್ನೆ ಹೀಗೆ ತತ್ವಶಾಸ್ತ್ರದ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಇಂಥ ಪ್ರಶ್ನೆಯನ್ನು ಬೆನ್ನುಹತ್ತಿ ಹುಣಸಗಿಯ ವಿದ್ಯಾರ್ಥಿನಿಯೊಬ್ಬಳು ತತ್ವಶಾಸ್ತ್ರದಲ್ಲಿ ಪದವಿ ಪಡೆಯಬೇಕೆಂದು ಬಯಸಿದಳೆನ್ನೋಣ. ಮನೆಯಲ್ಲಿ ಮೊದಲು ಬರುವ ಮಾತು, ‘ಅದನ್ನ ಓದಿ ಏನು ಮಾಡಾಕಿ ಅದೀಯವ್ವ?’ ಎಂಬುದು. ಎರಡನೆಯದು ದೂರದ ಲೆಕ್ಕ. ಈ ವಿಷಯಕ್ಕೆ ಬಹುಕಾಲದಿಂದ ಹೆಸರಾದ ಧಾರವಾಡ ಇನ್ನೂರು ಕಿಲೋಮೀಟರಿಗೂ ಆಚೆ ಇದೆ. ಮೈಸೂರು ಐನೂರಕ್ಕೂ ಆಚೆ. ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ತತ್ವಶಾಸ್ತ್ರದ ಪದವಿಯೆಂದರೆ ಯಾರ ವಿಚಾರಗಳನ್ನು, ಯಾವ ಭಾಷೆಯಲ್ಲಿ, ಯಾರ ಖರ್ಚಿನಲ್ಲಿ ಕಲಿಯುವುದು? ಈ ಮೂರನ್ನೂ ಯಾರೋ ಒಬ್ಬರು ಮುಂಚೆಯೇ ಕೂತು ಗೊತ್ತುಮಾಡಿರುತ್ತಾರೆ. ಕನ್ನಡ ನಾಡಿನಲ್ಲಿ ಹಾಗೆ ಗೊತ್ತುಮಾಡಿದ ಕತೆ ಸುಮಾರು ಸಾವಿರ ವರ್ಷದ್ದು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಹುಣಸಗಿಯಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ.

ನಾಗಾವಿಯ ಏರ್ಪಾಡು

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಹಳ್ಳಿಯಿದೆ. ಅಲ್ಲಿನ ಯಲ್ಲಮ್ಮನ ಗುಡಿಗೆ ಹೋಗುವ ಭಕ್ತರು ಅರವತ್ತು ಕಂಬದ ಗುಡಿಯನ್ನೂ ಪಾಳುಬಿದ್ದ ಇತರ ಕಟ್ಟಡಗಳನ್ನೂ ನೋಡಿಕೊಂಡು ಬರುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯೆಯ ಕೇಂದ್ರವಾಗಿತ್ತು. ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೇ ಸೋಮೇಶ್ವರ ಆಳುತ್ತಿದ್ದಾಗ, 1058ರಲ್ಲಿ, ಅವನ ಅಧಿಕಾರಿ ಮಧುಸೂದನನು ಇಲ್ಲಿ ವಿದ್ಯಾಸಂಸ್ಥೆಗೆ ಮಾಡಿದ ವ್ಯವಸ್ಥೆಯನ್ನು ಶಾಸನವೊಂದು ದಾಖಲಿಸಿದೆ.

ಶಾಸನ ಹೇಳುವ ಲೆಕ್ಕ ಇಂದಿನ ಯಾವುದೇ ಕಾಲೇಜಿನ ಸಿಬ್ಬಂದಿ ಪಟ್ಟಿಯಂತಿದೆ. ವೇದ ಓದುವವರು 200 ಮಂದಿ. ಶಾಸ್ತ್ರ ಓದುವವರು ಸುಮಾರು 50. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಇವರಲ್ಲದೆ ‘ಸರಸ್ವತೀ ಭಂಡಾರಿಗ’ರು ಆರು ಮಂದಿ. ಸರಸ್ವತೀ ಭಂಡಾರವೆಂದರೆ ಪುಸ್ತಕ ಭಂಡಾರ. ಆರು ಮಂದಿ ಅಧ್ಯಾಪಕರಿಗೆ ಆರು ಮಂದಿ ಗ್ರಂಥಪಾಲಕರು! ಓಲೆಗರಿಯ ಗ್ರಂಥಗಳನ್ನು ಹುಳ, ತೇವಗಳಿಂದ ಕಾಪಾಡುವುದು, ಸವೆದವನ್ನು ಮತ್ತೆ ಪ್ರತಿಮಾಡುವುದು ಸಣ್ಣ ಕೆಲಸವಲ್ಲ ಎಂಬುದು ಆ ಯೋಜಕನಿಗೆ ಗೊತ್ತಿತ್ತು. ಅಧ್ಯಾಪಕರಿಗೆ ಕೊಟ್ಟಂತೆಯೇ ಗ್ರಂಥಪಾಲಕರಿಗೂ ಜೀವನಕ್ಕೆ ಭೂಮಿಯನ್ನು ಬಿಡಲಾಗಿತ್ತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಶಾಸ್ತ್ರಗಳ ಮೂರು ಪೀಠಗಳದ್ದು. ಶಾಸನ ಅವುಗಳನ್ನು ಭಟ್ಟದರ್ಶನ, ನ್ಯಾಸ, ಪ್ರಾಭಾಕರ ಎಂದು ಹೆಸರಿಸುತ್ತದೆ. ನ್ಯಾಸ ಎಂಬುದು ಪಾಣಿನಿಯ ವ್ಯಾಕರಣಕ್ಕೆ ಬಂದ ಕಾಶಿಕಾವೃತ್ತಿಯ ಮೇಲೆ ಜಿನೇಂದ್ರಬುದ್ಧಿ ಎಂಬ ಬೌದ್ಧ ಪಂಡಿತ ಬರೆದ ವ್ಯಾಖ್ಯಾನದ ಹೆಸರು. ಉಳಿದ ಎರಡೂ ಪೂರ್ವಮೀಮಾಂಸೆಯ ಪಂಥಗಳು. ಒಂದು ಕುಮಾರಿಲ ಭಟ್ಟನದು, ಇನ್ನೊಂದು ಪ್ರಭಾಕರನದು. ಈ ಎರಡು ಪಂಥಗಳಿಗೂ ಹಲವು ಮುಖ್ಯ ವಿಷಯಗಳಲ್ಲಿ ಜಗಳ.

ಅವರ ಜಗಳದ ಒಂದು ಮಾದರಿಯನ್ನು ನೋಡಬಹುದು. ಹಿರಿಯನೊಬ್ಬ ‘ಹಸುವನ್ನು ತಾ’ ಎನ್ನುತ್ತಾನೆ. ಕಿರಿಯ ಹೋಗಿ ಹಸುವನ್ನು ತರುತ್ತಾನೆ. ಆಮೇಲೆ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳು ಬರುತ್ತವೆ. ಪಕ್ಕದಲ್ಲಿ ಕೂತ ಮಗು ಇದನ್ನೆಲ್ಲ ನೋಡುತ್ತ ಮಾತು ಕಲಿಯುತ್ತದೆ. ಹಾಗಾದರೆ ಪದಕ್ಕೆ ತನ್ನದೇ ಆದ ಅರ್ಥ ಮೊದಲು ಇದ್ದು, ಅಂಥ ಅರ್ಥಗಳು ಕೂಡಿ ವಾಕ್ಯದ ಅರ್ಥವಾಗುತ್ತದೆಯೇ? ಹೌದು ಎಂದರು ಕುಮಾರಿಲನವರು. ವಾಕ್ಯದಲ್ಲಿ ಬೇರೆ ಪದಗಳೊಡನೆ ಸೇರಿಯೇ ಪದವು ತನ್ನ ಅರ್ಥವನ್ನು ಹೇಳುತ್ತದೆ, ಬಿಡಿಯಾಗಿ ಅಲ್ಲ ಎಂದರು ಪ್ರಭಾಕರನವರು. ಭಾಷೆಯ ತತ್ವವನ್ನು ಚರ್ಚಿಸುವ ಇಂದಿನ ವಿದ್ವಾಂಸರೂ ಬಿಡಿಸಲು ಹೆಣಗುವ ಕಗ್ಗಂಟು ಇದು.

ನಾಗಾವಿಯ ಯೋಜಕ ಈ ಎರಡು ಪಕ್ಷಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಕೈಬಿಡಬಹುದಾಗಿತ್ತು. ಅವನು ಎರಡಕ್ಕೂ ಪೀಠ ಕೊಟ್ಟ, ಎರಡಕ್ಕೂ ಭೂಮಿ ಬಿಟ್ಟ. ಒಬ್ಬ ಗುರುವಿನಿಂದ ಸಿದ್ಧಾಂತವನ್ನು ಕೇಳಿ ಬಂದ ವಿದ್ಯಾರ್ಥಿಗೆ ಪಕ್ಕದ ಗುರುವಿನಿಂದ ಅದರ ಖಂಡನೆಯೂ ಕೇಳಸಿಗುತ್ತಿತ್ತು. ಒಂದೇ ಮತವನ್ನು ಬಾಯಿಪಾಠ ಮಾಡಿಸುವುದಕ್ಕೂ ತತ್ವಶಾಸ್ತ್ರವನ್ನು ಕಲಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಪೂರ್ವಪಕ್ಷವನ್ನು ಎದುರಾಳಿಯೇ ಒಪ್ಪುವಷ್ಟು ಚೆನ್ನಾಗಿ ಹೇಳಿದ ಮೇಲೆಯೇ ಸಿದ್ಧಾಂತಕ್ಕೆ ಬರಬೇಕೆಂಬುದು ನಮ್ಮ ಶಾಸ್ತ್ರಗ್ರಂಥಗಳ ಶಿಸ್ತು. ಆ ಶಿಸ್ತಿಗೆ ನಾಗಾವಿಯಲ್ಲಿ ಸಂಬಳದ ವ್ಯವಸ್ಥೆಯೂ ಆಗಿತ್ತು.

ಬಾಗಿಲ ಹೊರಗೆ

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವೇದಾಧ್ಯಯನದ ಅಧಿಕಾರವಿದ್ದವರಿಗೆ, ಸಂಸ್ಕೃತ ಬಲ್ಲವರಿಗೆ ಮಾತ್ರ ಅಲ್ಲಿ ಪ್ರವೇಶ. ಅದೇ ಸೀಮೆಯಲ್ಲಿ, ಹುಣಸಗಿಗೆ ನೆರೆಯ ಸುರಪುರ ಭಾಗದ ಮುದನೂರಿನಲ್ಲಿ, ನೇಯ್ಗೆಯ ಕಾಯಕ ಮಾಡುತ್ತಿದ್ದ ಒಬ್ಬ ಚಿಂತಕನಿದ್ದ. ಅವನೇ ದೇವರ ದಾಸಿಮಯ್ಯ ಅಥವಾ ಜೇಡರ ದಾಸಿಮಯ್ಯ. ಬಸವಣ್ಣನಿಗೂ ಮುಂಚಿನವನೆಂದು, ಹನ್ನೊಂದನೇ ಶತಮಾನದವನೆಂದು ಸಾಮಾನ್ಯವಾಗಿ ಹೇಳುವ ಈ ಆದ್ಯ ವಚನಕಾರ ರಾಮನಾಥನ ಅಂಕಿತದಲ್ಲಿ ಕನ್ನಡದಲ್ಲೇ ತನ್ನ ವಿಚಾರಗಳನ್ನು ಹೇಳಿದ. ದೇಹದ ಕುರುಹುಗಳನ್ನು ನೋಡಿ ಗಂಡು, ಹೆಣ್ಣು ಎಂದು ವಿಂಗಡಿಸುವವರಿಗೆ, ಒಳಗಿರುವ ಆತ್ಮಕ್ಕೆ ಆ ಭೇದ ಹೇಗೆ ಸಲ್ಲುತ್ತದೆಂದು ಅವನು ಹಾಕಿದ ಸವಾಲು ಯಾವ ತತ್ವಶಾಸ್ತ್ರ ತರಗತಿಯಲ್ಲೂ ಒಂದು ವಾರದ ಚರ್ಚೆಗೆ ಸಾಕಾಗುತ್ತದೆ. ಆದರೆ ಅವನು ನೇಕಾರ, ಅವನ ಭಾಷೆ ಕನ್ನಡ. ನಾಗಾವಿಯ ಪಾಠಪಟ್ಟಿಯಲ್ಲಿ ಅವನಿಗೆ ಜಾಗವಿರಲಿಲ್ಲ.

ಈ ಸೀಮೆಯ ಚಿಂತನೆ ಅಲ್ಲಿಗೇ ನಿಲ್ಲಲಿಲ್ಲ. ಇಂದಿನ ಹುಣಸಗಿ ತಾಲ್ಲೂಕಿಗೇ ಸೇರಿದ ಕೊಡೇಕಲ್ಲಿನಲ್ಲಿ ಬಸವಣ್ಣನೆಂಬ ಕಾಲಜ್ಞಾನಿ ಆಗಿಹೋದ. ಕೊಡೇಕಲ್ ಬಸವಣ್ಣನೆಂದೇ ಪ್ರಸಿದ್ಧನಾದ ಅವನ ಪರಂಪರೆಯಲ್ಲಿ ಹಿಂದೂ ಮುಸ್ಲಿಂ ಆಚಾರಗಳೆರಡೂ ಬೆರೆತಿವೆ. ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರನನ್ನೂ ಎರಡೂ ಮತದವರು ನೆನೆಯುತ್ತಾರೆ. ಇವರ ಮಾತುಗಳು ಮಠದಲ್ಲಿ, ಜಾತ್ರೆಯಲ್ಲಿ, ಏಕತಾರಿ ಹಿಡಿದ ತತ್ವಪದಕಾರರ ಕಂಠದಲ್ಲಿ ಉಳಿದವೇ ಹೊರತು ಪಾಠಶಾಲೆಯನ್ನು ಸೇರಲಿಲ್ಲ. ಈ ಭಾಗದ ಹಳ್ಳಿಗರು ಇಂದಿಗೂ ‘ತತ್ವ ಹಾಡುವುದು’ ಎನ್ನುತ್ತಾರೆ. ಹೀಗೆ ತತ್ವ ಎಂಬ ಮಾತು ಊರಲ್ಲಿ ಬಳಕೆಯಲ್ಲಿದ್ದು, ಅದರ ಶಾಸ್ತ್ರ ಮಾತ್ರ ದೂರದ ಪಟ್ಟಣದಲ್ಲಿದೆ.

ಪಾಠಪಟ್ಟಿಯ ಒಳಗೆ ಯಾರು, ಹೊರಗೆ ಯಾರು ಎಂಬ ಜಗಳ ಯುರೋಪಿನಲ್ಲೂ ನಡೆದಿದೆ. ಅರಿಸ್ಟಾಟಲನ ಪ್ರಕೃತಿ ವಿಚಾರದ ಗ್ರಂಥಗಳನ್ನು ಪ್ಯಾರಿಸಿನಲ್ಲಿ ಪಾಠ ಹೇಳಕೂಡದೆಂದು 1210ರಲ್ಲಿ ಚರ್ಚಿನ ಸಭೆಯೊಂದು ನಿಷೇಧ ಹಾಕಿತ್ತು. ನಲವತ್ತೈದು ವರ್ಷ ಕಳೆದು 1255ರಲ್ಲಿ ಅದೇ ಪ್ಯಾರಿಸ್ ವಿಶ್ವವಿದ್ಯಾಲಯದ ಕಲಾ ವಿಭಾಗ ಅರಿಸ್ಟಾಟಲನ ಗ್ರಂಥಗಳನ್ನು ಕಡ್ಡಾಯ ಮಾಡಿತು. ಯಾವ ಗ್ರಂಥವನ್ನು ಎಷ್ಟು ವಾರದೊಳಗೆ ಮುಗಿಸಬಾರದು ಎಂಬ ನಿಯಮವೂ ಬಂತು. ಅರಿಸ್ಟಾಟಲನಿಗೆ ಅರ್ಧ ಶತಮಾನದಲ್ಲಿ ತೆರೆದ ಬಾಗಿಲು ದಾಸಿಮಯ್ಯನಿಗೆ ತೆರೆಯಲು ಎಂಟುನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೈಸೂರಿನ ಪ್ರಯೋಗ

ಆಧುನಿಕ ಅರ್ಥದ ಪದವಿ ಕನ್ನಡ ನಾಡಿಗೆ ಬಂದದ್ದು ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜು 1916ರವರೆಗೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಆಗಿನ ಮದ್ರಾಸಿನಲ್ಲಿ ತತ್ವಶಾಸ್ತ್ರದ ಬಿ.ಎ. ವಿಭಾಗಕ್ಕೆ ‘ಮೆಂಟಲ್ ಅಂಡ್ ಮಾರಲ್ ಸೈನ್ಸ್’ ಎಂದು ಹೆಸರು. ಅದರಲ್ಲಿ ಕಲಿಯಬೇಕಾದದ್ದು ಬಹುಮಟ್ಟಿಗೆ ಯುರೋಪಿನ ಚಿಂತಕರನ್ನೇ. ಭಾರತೀಯ ದರ್ಶನಗಳಿಗೆ ಅಲ್ಲಿ ಹೇಳಿಕೊಳ್ಳುವಂಥ ಸ್ಥಾನವಿರಲಿಲ್ಲ.

ಆ ಪದವಿಯನ್ನು ಆರಿಸಿಕೊಂಡವರಲ್ಲಿ ಸರ್ವೆಪಲ್ಲಿ ರಾಧಾಕೃಷ್ಣನ್ ಒಬ್ಬರು. ಅವರು ಆರಿಸಿಕೊಂಡ ಬಗೆಯೂ ಪ್ರಸಿದ್ಧವೇ. ಕೈಯಲ್ಲಿ ಹಣವಿರಲಿಲ್ಲ, ಆಗಷ್ಟೇ ಪದವಿ ಮುಗಿಸಿದ್ದ ನೆಂಟನೊಬ್ಬ ತನ್ನ ತತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟ, ಹಾಗಾಗಿ ತತ್ವಶಾಸ್ತ್ರವೇ ಗಟ್ಟಿಯಾಯಿತು. ಮುಂದೆ ರಾಷ್ಟ್ರಪತಿಯಾಗಲಿದ್ದವರ ವಿದ್ಯಾಭ್ಯಾಸ ಗೊತ್ತಾದದ್ದು ಹಳೆಯ ಪುಸ್ತಕಗಳಿಂದ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಅಧ್ಯಾಪಕರು ವೇದಾಂತದಲ್ಲಿ ನೀತಿಗೆ ಎಡೆಯಿಲ್ಲವೆಂದು ಟೀಕಿಸುತ್ತಿದ್ದುದನ್ನು ಕೇಳಿದ ರಾಧಾಕೃಷ್ಣನ್, 1908ರಲ್ಲಿ ವೇದಾಂತದ ನೀತಿಶಾಸ್ತ್ರವನ್ನೇ ತಮ್ಮ ಎಂ.ಎ. ಪ್ರಬಂಧದ ವಿಷಯ ಮಾಡಿಕೊಂಡರು. ತರಗತಿಯಲ್ಲಿ ಕೇಳಿದ ಪೂರ್ವಪಕ್ಷವೇ ಅವರನ್ನು ತಮ್ಮ ಪರಂಪರೆಯ ಕಡೆಗೆ ತಿರುಗಿಸಿತು.

1916ರ ಜುಲೈನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ತತ್ವಶಾಸ್ತ್ರದ ಪೀಠಕ್ಕೆ ಮುಂಬಯಿಯ ಪಾರ್ಸಿ ವಿದ್ವಾಂಸ ಎ.ಆರ್. ವಾಡಿಯಾ ಬಂದರು, 1918ರಲ್ಲಿ ರಾಧಾಕೃಷ್ಣನ್ ಅವರೂ ಬಂದು ಸೇರಿದರು. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿ ಮೈಸೂರಿನ ಹಳಬರ ನೆನಪಿನ ಭಾಗವಾಗಿಬಿಟ್ಟಿದೆ. ಅವರು ಕಲ್ಕತ್ತಾದಲ್ಲಿ ತುಂಬಿದ ಪೀಠ ಬ್ರಜೇಂದ್ರನಾಥ ಸೀಲ್ ಎಂಬ ದಾರ್ಶನಿಕರು ತೆರವು ಮಾಡಿದ್ದು. ಸೀಲ್ ಬಂದದ್ದು ಮೈಸೂರಿಗೆ, ಕುಲಪತಿಯಾಗಿ. ಎರಡು ನಗರಗಳು ಹೀಗೆ ತತ್ವಶಾಸ್ತ್ರಜ್ಞರನ್ನು ಅದಲುಬದಲು ಮಾಡಿಕೊಂಡವು.

ಇಷ್ಟೆಲ್ಲ ವೈಭವದ ನಡುವೆ ಒಂದು ವಿಚಿತ್ರವನ್ನು ಗಮನಿಸಬೇಕು. ಭಾರತೀಯ ದರ್ಶನಗಳ ಬಗ್ಗೆ ಇಂದಿಗೂ ದೇಶವಿದೇಶಗಳ ವಿದ್ಯಾರ್ಥಿಗಳು ಓದುವ, 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಗ್ರಂಥ ಮೈಸೂರಿನ ತರಗತಿಗಳ ಉಪನ್ಯಾಸಗಳಿಂದ ಹುಟ್ಟಿದ್ದು. ಅದನ್ನು ಬರೆದ ಎಂ. ಹಿರಿಯಣ್ಣನವರು ಅಲ್ಲಿ ಸಂಸ್ಕೃತದ ಪ್ರಾಧ್ಯಾಪಕರು. ಅಂದರೆ ತತ್ವಶಾಸ್ತ್ರವೆಂಬ ಫಲಕ ಯುರೋಪಿನ ವಿಚಾರಗಳ ಮುಂದೆ ನಿಂತಿದ್ದಾಗ ಶಂಕರ, ರಾಮಾನುಜ, ನಾಗಾರ್ಜುನರ ಪಾಠಕ್ಕೆ ಸಂಸ್ಕೃತ ವಿಭಾಗವೂ ಆಸರೆಯಾಗಬೇಕಾಯಿತು. ಹಿರಿಯಣ್ಣನವರು ವೃತ್ತಿ ಆರಂಭಿಸಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಪುಸ್ತಕಗಳ ನಡುವೆ. ನಾಗಾವಿಯ ಸರಸ್ವತೀ ಭಂಡಾರಿಗರು ಅವರನ್ನು ತಮ್ಮವರೆಂದೇ ಒಪ್ಪಿಕೊಳ್ಳುತ್ತಿದ್ದರು.

ಉರ್ದುವಿನಲ್ಲಿ ಫಲ್ಸಫಾ

ಮೈಸೂರಿನ ಈ ಬೆಳಕು ಹುಣಸಗಿಯನ್ನು ತಲುಪಲಿಲ್ಲ. ಅದು ಬೇರೆಯೇ ರಾಜ್ಯ. ಸುರಪುರದ ನಾಯಕರ ಸಂಸ್ಥಾನ 1858ರ ದಂಗೆಯೊಂದಿಗೆ ಕೊನೆಗೊಂಡು, ಆ ಸೀಮೆ ಹೈದರಾಬಾದಿನ ನಿಜಾಮನ ಕೈಸೇರಿತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ, ಭಾರತದ ಯಾವ ವಿಶ್ವವಿದ್ಯಾಲಯವೂ ಕೈಹಾಕದ ಸಾಹಸಕ್ಕೆ ಅದು ತೊಡಗಿತು. ಬೋಧನೆಯೆಲ್ಲ ಇಂಗ್ಲಿಷಿಗೆ ಬದಲು ಉರ್ದುವಿನಲ್ಲಿ ನಡೆಯಬೇಕೆಂದು ನಿರ್ಧಾರವಾಯಿತು.

ಅದಕ್ಕೆ ಮಾಡಿಕೊಂಡ ಸಿದ್ಧತೆ ಗಮನಾರ್ಹ. ತರಗತಿಗಳು ಆರಂಭವಾಗುವುದಕ್ಕೂ ಮೊದಲೇ, 1917ರಲ್ಲಿ, ‘ದಾರುಲ್ ತರ್ಜುಮಾ’ ಎಂಬ ಅನುವಾದ ಕಚೇರಿ ತೆರೆಯಿತು. ಪಠ್ಯಪುಸ್ತಕಗಳ ಅನುವಾದದ ಜೊತೆಗೆ, ಪಾರಿಭಾಷಿಕ ಪದಗಳನ್ನು ಗೊತ್ತುಮಾಡಲು ವಿದ್ವಾಂಸರ ಸಮಿತಿಗಳು ಕೂತವು. ಬರ್ಕ್ಲಿ, ಡೇಕಾರ್ಟ್ ಮೊದಲಾದ ಯುರೋಪಿನ ದಾರ್ಶನಿಕರನ್ನು ಉರ್ದುವಿಗೆ ತಂದ ಅಬ್ದುಲ್ ಬಾರಿ ನದ್ವಿ ಉಸ್ಮಾನಿಯಾದಲ್ಲೇ ತತ್ವಶಾಸ್ತ್ರದ ಅಧ್ಯಾಪಕರಾಗಿದ್ದರು. ಮೊದಲು ಪುಸ್ತಕ, ಪರಿಭಾಷೆ, ಆಮೇಲೆ ಪದವಿ ಎಂಬ ಕ್ರಮ ಅಲ್ಲಿ ಪಾಲನೆಯಾಯಿತು. ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯವೇ ಇಲ್ಲ ಎನ್ನುವವರಿಗೆ ಉಸ್ಮಾನಿಯಾ ಅನೇಕ ವರ್ಷ ಜೀವಂತ ಉತ್ತರವಾಗಿತ್ತು.

ಆದರೆ ಹುಣಸಗಿಯ ಹುಡುಗನಿಗೆ ಅದರಿಂದ ಏನು ದಕ್ಕಿತು? ಅವನ ಮನೆಮಾತು ಕನ್ನಡ. ಇಂಗ್ಲಿಷಿನ ಗೋಡೆಯ ಜಾಗದಲ್ಲಿ ಉರ್ದುವಿನ ಗೋಡೆ ಬಂತು, ಅಷ್ಟೆ. ಒಂದು ದೇಶಭಾಷೆಗೆ ಸಿಕ್ಕ ಮರ್ಯಾದೆ ಅದೇ ರಾಜ್ಯದ ಕನ್ನಡ, ತೆಲುಗು, ಮರಾಠಿಗಳಿಗೆ ಸಿಗಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾ ಉರ್ದು ಮಾಧ್ಯಮವನ್ನು ಬಿಟ್ಟು ಇಂಗ್ಲಿಷಿಗೆ ಹೊರಳಿತು. ಮೂವತ್ತು ವರ್ಷಗಳ ಅನುವಾದದ ದುಡಿಮೆ ಕಪಾಟು ಸೇರಿತು. ಭಾಷೆಯೊಂದು ಆಳುವವರ ಬಲದಿಂದಲೇ ತರಗತಿಗೆ ಬಂದಿದ್ದರೆ ಆ ಬಲ ಹೋದ ದಿನ ಅದೂ ಹೊರಬೀಳುತ್ತದೆ.

ಕನ್ನಡಕ್ಕೆ ಬಂದ ತತ್ವಶಾಸ್ತ್ರ

ಹೊರಗುಳಿದಿದ್ದ ವಚನಕಾರರನ್ನು ಒಳಗೆ ತರುವ ಕೆಲಸ ವಿಶ್ವವಿದ್ಯಾಲಯದಿಂದ ಆರಂಭವಾಗಲಿಲ್ಲ. ಅದನ್ನು ಕೈಗೆತ್ತಿಕೊಂಡವರು ವಿಜಯಪುರದ ವಕೀಲ ಫ.ಗು. ಹಳಕಟ್ಟಿ. ಮನೆಮನೆಗೆ ಅಲೆದು ಓಲೆಗರಿಗಳನ್ನು ಸಂಗ್ರಹಿಸಿ ಅವರು 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಶಾಸ್ತ್ರ ಎಂಬ ಮಾತನ್ನು ಅವರು ಆ ಹೆಸರಿನಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ನೇಕಾರ, ಅಂಬಿಗ, ಮಡಿವಾಳರ ಮಾತುಗಳಲ್ಲೂ ಕ್ರಮಬದ್ಧವಾದ ವಿಚಾರವಿದೆ ಎಂಬುದು ಅವರ ವಾದ. ಮುದ್ರಣವಾದ ಮೇಲೆ ಆ ವಿಚಾರಗಳನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ.

ಇನ್ನೊಂದು ಕಡೆಯಿಂದ ಸೇತುವೆ ಕಟ್ಟಿದವರು ಜಮಖಂಡಿಯಲ್ಲಿ ಹುಟ್ಟಿದ ಆರ್.ಡಿ. ರಾನಡೆ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರು ಉಪನಿಷತ್ತುಗಳ ಮೇಲಿನ 1926ರ ಗ್ರಂಥದಿಂದ ವಿಖ್ಯಾತರಾದರು. 1957ರಲ್ಲಿ ತೀರಿಕೊಳ್ಳುವವರೆಗೆ ಅವರ ನೆಲೆ ವಿಜಯಪುರ ಸೀಮೆಯ ನಿಂಬಾಳ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅವರು ಕನ್ನಡದ ಶರಣರು, ದಾಸರನ್ನು ಕುರಿತು ನೀಡಿದ ಉಪನ್ಯಾಸಗಳು ಗ್ರಂಥವಾದವು. ಪ್ಲೇಟೋ, ಶಂಕರರ ಪಾಠ ಹೇಳಿದ ಪ್ರಾಧ್ಯಾಪಕರೊಬ್ಬರು ಅದೇ ಗಾಂಭೀರ್ಯದಿಂದ ಕನ್ನಡ ಅನುಭಾವಿಗಳನ್ನು ಪರಿಶೀಲಿಸಿದ್ದು ದೊಡ್ಡ ಸಂಗತಿ.

ಹಳೆ ಮೈಸೂರಿನಲ್ಲಿ ಕುವೆಂಪು ಕುಲಪತಿಯಾಗಿದ್ದ 1956ರಿಂದ 1960ರ ಅವಧಿಯಲ್ಲಿ ಕನ್ನಡ ಮಾಧ್ಯಮದ ಮಾತು ಬಲ ಪಡೆಯಿತು. ಜಿ. ಹನುಮಂತರಾವ್ ಅವರ ‘ಪಾಶ್ಚಾತ್ಯ ತತ್ತ್ವಶಾಸ್ತ್ರದ ಇತಿಹಾಸ’ದಂಥ ಕೃತಿಗಳಿಂದ ಗ್ರೀಕರ, ಜರ್ಮನ್ನರ ವಿಚಾರಗಳು ಕನ್ನಡದಲ್ಲಿ ಓದಲು ಸಿಕ್ಕವು. ಹಿರಿಯಣ್ಣನವರ ಗ್ರಂಥವೂ ಕನ್ನಡಕ್ಕೆ ಬಂತು. ಆ ಕಾಲದ ಮೈಸೂರಿನ ತತ್ವಶಾಸ್ತ್ರ ತರಗತಿಯಿಂದ ಹೊರಬಂದ ಒಬ್ಬರು ಎಸ್.ಎಲ್. ಭೈರಪ್ಪ. ಬಾಲ್ಯದಲ್ಲಿ ಮನೆಯವರ ಸಾವುಗಳನ್ನು ಕಂಡ ಅವರಿಗೆ ಸಾವೆಂದರೇನು ಎಂಬ ಪ್ರಶ್ನೆಯೇ ಈ ವಿಷಯದ ಕಡೆಗೆ ದಾರಿಯಾಯಿತು. ಎಂ.ಎ. ಮುಗಿಸಿ, ಬರೋಡದಲ್ಲಿ ಸತ್ಯ ಮತ್ತು ಸೌಂದರ್ಯದ ಸಂಬಂಧದ ಮೇಲೆ ಸಂಶೋಧನೆ ಮಾಡಿ, ಜೀವನಪೂರ್ತಿ ಅಧ್ಯಾಪಕರಾಗಿ ದುಡಿದ ಅವರ ಕಾದಂಬರಿಗಳ ವಾದಗಳನ್ನು ಒಪ್ಪದವರೂ ಅವುಗಳ ಹಿಂದೆ ತತ್ವಶಾಸ್ತ್ರದ ತಾಲೀಮು ಇರುವುದನ್ನು ಒಪ್ಪುತ್ತಾರೆ.

ಹುಣಸಗಿಯ ಕಡೆಗೆ ಬಂದರೆ, 1956ರ ನವೆಂಬರ್ 1ರಂದು ಈ ಸೀಮೆ ಕನ್ನಡ ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿನವರಿಗೆ ಧಾರವಾಡದ ವಿಶ್ವವಿದ್ಯಾಲಯವೇ ಆಧಾರವಾಯಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂತು. 2021ರಲ್ಲಿ ರಾಯಚೂರಿನ ವಿಶ್ವವಿದ್ಯಾಲಯ ಆರಂಭವಾಗಿ ಯಾದಗಿರಿ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ವಿಶ್ವವಿದ್ಯಾಲಯ ಹೀಗೆ ಹತ್ತಿರ ಹತ್ತಿರ ಸರಿದು ಬಂದಿದೆ. ತತ್ವಶಾಸ್ತ್ರ ಅದರೊಡನೆ ಅದೇ ವೇಗದಲ್ಲಿ ಬಂದಿಲ್ಲ.

ಇಂದು ಯೋಜನೆ ಹಾಕುವವರಿಗೆ

ಕಾರಣ ಹುಡುಕುವುದು ಕಷ್ಟವಲ್ಲ. ಗ್ರಾಮೀಣ ಭಾಗದ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಎಂದರೆ ಸಾಮಾನ್ಯವಾಗಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ. ಹೊಸ ವಿಷಯ ತೆರೆಯಬೇಕಾದರೆ ವಿದ್ಯಾರ್ಥಿಗಳು ಕೇಳಬೇಕು. ಕೇಳಬೇಕಾದರೆ ಅವರಿಗೆ ಅಂಥದ್ದೊಂದು ವಿಷಯ ಇರುವುದು ಗೊತ್ತಿರಬೇಕು. ಪಿ.ಯು.ಸಿ.ಯಲ್ಲಿ ತರ್ಕಶಾಸ್ತ್ರ ಒಂದು ಐಚ್ಛಿಕ ವಿಷಯವಾಗಿ ಪಟ್ಟಿಯಲ್ಲಿದೆ. ಆದರೆ ಅದನ್ನು ಕಲಿಸಬೇಕಾದವರು ತತ್ವಶಾಸ್ತ್ರ ಓದಿದವರೇ. ಕಲಿಸುವವರಿಲ್ಲದೆ ಕಲಿಯುವವರಿಲ್ಲ, ಕಲಿಯುವವರಿಲ್ಲದೆ ಕಾರ್ಯಭಾರವಿಲ್ಲ, ಕಾರ್ಯಭಾರವಿಲ್ಲದೆ ಹುದ್ದೆಯಿಲ್ಲ. ಇದರ ಮೇಲೆ ಪದವಿಯ ಚೌಕಟ್ಟೂ ಮೇಲಿಂದ ಮೇಲೆ ಬದಲಾಯಿತು. 2021ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿಗೆ ಹೋಯಿತು. 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಪಾಠಪಟ್ಟಿ ಮೂರು ವರ್ಷ ಒಂದೇ ರೀತಿ ನಿಲ್ಲದಿದ್ದರೆ ಪಠ್ಯಪುಸ್ತಕ ಬರೆಯುವವರು ಯಾರು?

‘ಓದಿ ಏನು ಮಾಡುವುದು’ ಎಂಬ ಮನೆಯವರ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಹತ್ತಿ, ಭತ್ತದ ಲೆಕ್ಕದಲ್ಲಿ ಮಗಳ ಓದಿನ ಖರ್ಚು ತೂಗಿಸುವ ಮನೆಗೆ ಅದು ನ್ಯಾಯವಾದ ಪ್ರಶ್ನೆ. ಇತಿಹಾಸ ಅಥವಾ ರಾಜ್ಯಶಾಸ್ತ್ರದ ಪದವೀಧರರಿಗೆ ತೆರೆದಿರುವ ಬಹುತೇಕ ಸಾಮಾನ್ಯ ಹುದ್ದೆಗಳು, ಕಾನೂನು ವ್ಯಾಸಂಗ, ಸ್ಪರ್ಧಾತ್ಮಕ ಪರೀಕ್ಷೆಗಳು ತತ್ವಶಾಸ್ತ್ರದ ಪದವೀಧರರಿಗೂ ತೆರೆದಿವೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರ ಒಂದು ಐಚ್ಛಿಕ ವಿಷಯ; ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವೂ ಇದೆ. ಆದರೂ ನೌಕರಿಯ ಖಾತ್ರಿ ಕೊಟ್ಟು ಈ ಪದವಿಯನ್ನು ಮಾರುವುದು ಪ್ರಾಮಾಣಿಕವಾಗದು. ಎದುರು ಪಕ್ಷದ ಮಾತನ್ನು ಪೂರ್ತಿ ಕೇಳಿ, ಅದರಲ್ಲಿ ಸರಿ ಎಷ್ಟು, ತಪ್ಪು ಎಲ್ಲಿ ಎಂದು ಬಿಡಿಸಿ ಹೇಳುವ ಅಭ್ಯಾಸವೇ ಅದರ ನಿಜವಾದ ಗಳಿಕೆ. ಕೋರ್ಟಿನಲ್ಲೂ ಪಂಚಾಯಿತಿಯಲ್ಲೂ ಮನೆಯಲ್ಲೂ ಅದಕ್ಕೆ ಬೆಲೆಯಿದೆ.

ಸಾವಿರ ವರ್ಷದ ಈ ಕತೆಯಿಂದ ಹೊಸದಾಗಿ ಯೋಜನೆ ಹಾಕುವವರಿಗೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ನಾಗಾವಿಯಂತೆ ಪರಸ್ಪರ ಒಪ್ಪದ ಪಂಥಗಳಿಗೆ ಒಂದೇ ಸೂರಿನಡಿ ಜಾಗವಿರಬೇಕು. ಚಾರ್ವಾಕನೂ ಶಂಕರನೂ, ಹ್ಯೂಮನೂ ಕಾಂಟನೂ, ಬುದ್ಧನೂ ಅಂಬೇಡ್ಕರರೂ ತರಗತಿಯಲ್ಲಿ ಎದುರುಬದುರು ಕೂರಬೇಕು. ಉಸ್ಮಾನಿಯಾದಂತೆ ಪುಸ್ತಕ ಮತ್ತು ಪರಿಭಾಷೆ ಮೊದಲೇ ಸಿದ್ಧವಿರಬೇಕು. ಆದರೆ ಅದು ಕಲಿಯುವವರ ಮನೆಮಾತಿನಲ್ಲಿರಬೇಕು. ಹಳಕಟ್ಟಿ, ರಾನಡೆಯವರು ತೋರಿಸಿದಂತೆ ಊರಿನ ಚಿಂತಕರನ್ನು ಪಾಠಪಟ್ಟಿಯ ಒಳಗೆ ಕರೆಯಬೇಕು. ಪೂಜೆಗೆ ಕರೆದರೆ ಸಾಲದು. ದಾಸಿಮಯ್ಯನ ಮಾತನ್ನು ಪ್ಲೇಟೋನ ಮಾತಿನಂತೆಯೇ ಪರೀಕ್ಷಿಸಬೇಕು, ಪ್ರಶ್ನಿಸಬೇಕು.

ಇವೆಲ್ಲಕ್ಕೂ ಮೊದಲು ಒಬ್ಬ ಖಾಯಂ ಅಧ್ಯಾಪಕರು, ಒಂದು ಒಳ್ಳೆಯ ಪುಸ್ತಕ ಭಂಡಾರ ಬೇಕು. 1058ರಲ್ಲಿ ಒಬ್ಬ ದಂಡನಾಯಕ ಆರು ಗ್ರಂಥಪಾಲಕರಿಗೆ ಭೂಮಿ ಬಿಡಬಹುದಾಗಿದ್ದರೆ, ಇಂದಿನ ಒಂದು ತಾಲ್ಲೂಕಿನ ಕಾಲೇಜಿಗೆ ಒಬ್ಬರನ್ನು ಕೊಡುವುದು ಸರ್ಕಾರದ ಶಕ್ತಿಗೆ ಮೀರಿದ್ದಲ್ಲ.

ಅಂಥ ತರಗತಿ ಹುಣಸಗಿಯಲ್ಲಿ ಎಂದಾದರೂ ಆರಂಭವಾದರೆ ಮೊದಲ ಪಾಠಕ್ಕೆ ದೂರ ಹೋಗಬೇಕಾಗಿಲ್ಲ. ವಿದ್ಯಾರ್ಥಿಗಳನ್ನು ಇಸಾಂಪುರದ ಬಯಲಿಗೆ ಕರೆದೊಯ್ದು, ಅಲ್ಲಿನ ಕಲ್ಲುಹಾಸುಗಳನ್ನು ತೋರಿಸಿ ಅಧ್ಯಾಪಕರು ಇಷ್ಟು ಕೇಳಿದರೆ ಸಾಕು: ಇಲ್ಲಿ ಕಲ್ಲು ಕೆತ್ತಿದವನು ಯೋಚಿಸಿ ಕೆತ್ತಿದನೆಂದು ನಿಮಗೆ ಹೇಗೆ ಗೊತ್ತು? ಒಬ್ಬಳು ಹೌದೆನ್ನುತ್ತಾಳೆ, ಇನ್ನೊಬ್ಬ ಅಲ್ಲವೆನ್ನುತ್ತಾನೆ. ಇಬ್ಬರೂ ಕಾರಣ ಕೊಡಬೇಕಾಗುತ್ತದೆ.